ನಿಬ್ಬು ಮುರಿಯುವ ನ್ಯಾಯಾಧೀಶರು, ಇಂಕು ಕಕ್ಕುವ ಪೆನ್ನು

ಇಂಕ್ ಪೆನ್ನಿಗೆ ಈಗ ಹೇಳಿಕೊಳ್ಳುವಂಥ ಕೆಲಸವೇನೂ ಉಳಿದಿಲ್ಲ. ಅರ್ಜಿ ಆನ್‌ಲೈನು, ಪತ್ರ ವಾಟ್ಸ್‌ಆ್ಯಪು, ಸಹಿಯ ಜಾಗಕ್ಕೆ ಒಟಿಪಿ. ಆದರೂ ದಿನವಿಡೀ ಕೀಬೋರ್ಡು ಕುಟ್ಟಿದವರು ರಾತ್ರಿ ಊಟ ಮುಗಿಸಿ, ಬಾಟಲಿಯ ಮುಚ್ಚಳ ತೆಗೆದು, ಪೆನ್ನಿಗೆ ಇಂಕು ತುಂಬಿಸಿ, ಯಾರಿಗೂ ಕಳಿಸದ ನಾಲ್ಕು ಸಾಲು ಬರೆದು ಮಲಗುತ್ತಾರೆ. ಶುದ್ಧ ಹವ್ಯಾಸ. ಹೀಗೆ ಹೊಸದಾಗಿ ಶುರು ಮಾಡಿದವರಿಗೆ ಮನೆಯ ಹಿರಿಯರಿಂದ ಯೂಟ್ಯೂಬಿನವರೆಗೆ ಎಲ್ಲರೂ ಬುದ್ಧಿ ಹೇಳುವವರೇ. ಆ ಮಾತುಗಳಲ್ಲಿ ಅರ್ಧ ಶಾಲೆಯ ದಿನಗಳ ಅಗ್ಗದ ಪೆನ್ನಿನ ನೆನಪು, ಇನ್ನರ್ಧ ಪೆನ್ನು ಮಾರುವವರ ಜಾಹೀರಾತು. ನಿಜಕ್ಕೆ ಉಳಿಯುವ ಜಾಗ ಕಡಿಮೆ.

"ಕಂಠಪೂರ್ತಿ ಇಂಕು ಹಾಕಬೇಡ, ಲೀಕ್ ಆಗತ್ತೆ"

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದು. ಸತ್ಯ ಇದರ ಪೂರ್ತಿ ಉಲ್ಟಾ. ಪೆನ್ನು ಕಕ್ಕುವುದು ಇಂಕು ತುಂಬಿದಾಗಲ್ಲ, ಮುಗಿಯುತ್ತಾ ಬಂದಾಗ.

ನಮ್ಮ ಶಾಲೆಗಳಲ್ಲಿ ಬಳಕೆಯಲ್ಲಿದ್ದದ್ದು ಹೆಚ್ಚಾಗಿ ಕತ್ತು ತಿರುಗಿಸಿ, ಫಿಲ್ಲರ್‌ನಿಂದ ನೇರವಾಗಿ ಹೊಟ್ಟೆಗೇ ಇಂಕು ಸುರಿಯುವ ಪೆನ್ನುಗಳು. ಅಂಥ ಪೆನ್ನಿನ ಹೊಟ್ಟೆಯಲ್ಲಿ ಸುಮಾರು 3 ಮಿಲಿಲೀಟರ್ ಜಾಗ ಇದೆ ಎಂದಿಟ್ಟುಕೊಳ್ಳಿ. ಇಂಕು ಎಷ್ಟು ಇಳಿಯುತ್ತದೋ ಅಷ್ಟು ಜಾಗವನ್ನು ಗಾಳಿ ಹಿಡಿಯುತ್ತದೆ. ಪೆನ್ನು ಕೈಗೆ ಬಂದ ಕೂಡಲೇ ಬೆರಳ ಬಿಸಿಗೆ ಆ ಗಾಳಿ ಹಿಗ್ಗುತ್ತದೆ. 27 ಡಿಗ್ರಿಯಲ್ಲಿದ್ದ ಗಾಳಿ 35 ಡಿಗ್ರಿಗೆ ಏರಿದರೆ ಅದರ ಗಾತ್ರ ಶೇಕಡ 2.7ರಷ್ಟು ಹೆಚ್ಚುತ್ತದೆ. ಪೆನ್ನು ತುಂಬಿದ್ದು ಒಳಗೆ ಅರ್ಧ ಮಿಲಿಲೀಟರ್ ಗಾಳಿ ಮಾತ್ರ ಇದ್ದರೆ, ಹಿಗ್ಗಿದ ಗಾಳಿ ಹೊರಗೆ ತಳ್ಳುವ ಇಂಕು ಒಂದು ಹನಿಯ ಕಾಲುಭಾಗ. ಅದನ್ನು ನಿಬ್ಬಿನ ಅಡಿಯಲ್ಲಿರುವ ಕಪ್ಪು ತುಂಡು, ಅಂದರೆ ಫೀಡ್, ತನ್ನ ಸಣ್ಣ ಸಣ್ಣ ಗೀರುಗಳಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಇಂಕು ತಳ ಕಂಡು ಎರಡೂವರೆ ಮಿಲಿಲೀಟರ್ ಗಾಳಿ ಸೇರಿಕೊಂಡಿದ್ದರೆ? ಆಗ ಹೊರಗೆ ಬರುವುದು ಒಂದು ಹನಿಗೂ ಮಿಗಿಲು. ಕನ್ನಡ ಕಾಪಿಯ ನಡುಮಧ್ಯೆ ಅದು ಪಟ್ಟನೆ ಬೀಳುತ್ತದೆ, ಪಕ್ಕದವನ ಹತ್ತಿರ ಸೀಮೆಸುಣ್ಣ ಇಸಿದುಕೊಂಡು ಒರೆಸುವ ಕೆಲಸ ಬೀಳುತ್ತದೆ. ಇದರಲ್ಲಿ ಪೆನ್ನಿನ ತಪ್ಪೂ ಇಲ್ಲ, ಹುಡುಗನ ತಪ್ಪೂ ಇಲ್ಲ. "ಸ್ವಲ್ಪವೇ ಹಾಕು" ಎಂದ ಹಿರಿಯರದ್ದೇ ತಪ್ಪು.

ಘಟ್ಟ ಹತ್ತುವಾಗ, ವಿಮಾನ ಏರುವಾಗ ಜೇಬು ನೀಲಿಯಾಗುವುದೂ ಇದೇ ಕಾರಣಕ್ಕೆ. ಅಲ್ಲಿ ಗಾಳಿ ಹಿಗ್ಗುವುದು ಬಿಸಿಯಿಂದಲ್ಲ, ಹೊರಗಿನ ಒತ್ತಡ ಇಳಿಯುವುದರಿಂದ. ಮಂಗಳೂರಿನಿಂದ ಮಡಿಕೇರಿಗೆ ಬಸ್ಸು ಹತ್ತಿದರೆ ಸಾವಿರ ಮೀಟರಿಗೂ ಹೆಚ್ಚು ಏರುತ್ತೀರಿ, ಒಳಗಿನ ಗಾಳಿ ಶೇಕಡ 10ಕ್ಕೂ ಹೆಚ್ಚು ಹಿಗ್ಗುತ್ತದೆ. ವಿಮಾನದ ಒಳಗಿನ ಒತ್ತಡವನ್ನು ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮನಾಗಿ ಇಟ್ಟಿರುತ್ತಾರೆ. ಬೆಂಗಳೂರಿನವರು ಮೊದಲೇ 900 ಮೀಟರ್ ಎತ್ತರದಲ್ಲಿ ಕೂತಿರುವುದರಿಂದ ಅವರ ಪೆನ್ನಿಗೆ ಆಘಾತ ಕಡಿಮೆ, ಕರಾವಳಿಯಿಂದ ಹಾರುವವರಿಗೆ ಹೆಚ್ಚು. "ವಿಮಾನದಲ್ಲಿ ಇಂಕ್ ಪೆನ್ನು ಒಯ್ಯಲೇಬಾರದು" ಎಂಬುದು ಮಾತ್ರ ಅತಿಯಾಯಿತು. ಪೂರ್ತಿ ತುಂಬಿಸಿ ಅಥವಾ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲೆ ಮಾಡಿ ಜೇಬಿಗೆ ಸಿಕ್ಕಿಸಿಕೊಳ್ಳಿ. ಆಗ ಹಿಗ್ಗಿದ ಗಾಳಿ ಇಂಕನ್ನು ತಳ್ಳದೆ ತಾನೇ ಹೊರಗೆ ಹೋಗುತ್ತದೆ.

ಇದೇ ಗಾಳಿಯ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ: ನಿಬ್ಬಿನ ನಡುವಿನ ತೂತಿನಿಂದಲೇ ಪೆನ್ನು ಉಸಿರಾಡುತ್ತದೆ ಎಂಬುದು. ತೂತೇ ಇಲ್ಲದ ನಿಬ್ಬುಗಳೂ ಇವೆ, ಚೆನ್ನಾಗಿಯೇ ಬರೆಯುತ್ತವೆ. ಗಾಳಿ ಒಳಗೆ ಹೋಗುವುದು ಮುಖ್ಯವಾಗಿ ಫೀಡಿನ ಕಾಲುವೆಯಲ್ಲಿ. ನಿಬ್ಬಿನ ಸೀಳು ಹಿಂದಕ್ಕೆ ಬಿರಿಯದಂತೆ ತಡೆಯುವುದು ತೂತಿನ ದೊಡ್ಡ ಕೆಲಸ.

"ನನ್ನ ಪೆನ್ನು ಬೇರೆಯವರು ಮುಟ್ಟಬಾರದು"

ನಿಬ್ಬು ಒಡೆಯನ ಕೈಗೆ ಒಗ್ಗಿರುತ್ತದೆ, ಇನ್ನೊಬ್ಬರು ಒಂದು ಸಾಲು ಬರೆದರೂ ಕೆಡುತ್ತದೆ ಎಂದು ನಂಬಿದವರು ಬ್ಯಾಂಕಿನಲ್ಲಿ ಚಲನ್ ತುಂಬಲು ಪೆನ್ನು ಕೇಳಿದವರ ಮುಖಕ್ಕೇ ಇಲ್ಲ ಎಂದುಬಿಡುತ್ತಾರೆ. ಅವರ ಭಯಕ್ಕೆ ಕಾರಣ ಇದೆ, ಅವರು ಕೊಡುವ ಕಾರಣ ಸರಿಯಿಲ್ಲ. ಕಾಗದಕ್ಕೆ ತಾಗುವುದು ನಿಬ್ಬಿನ ತುದಿಗೆ ಬೆಸೆದ ಒಂದು ಚುಕ್ಕೆ, ಬಹಳ ಗಟ್ಟಿಯಾದ ಮಿಶ್ರಲೋಹ. ಅದು ಸವೆದು ಒಬ್ಬರ ಕೈಗೆ ಒಗ್ಗಬೇಕಾದರೆ ಹಲವು ವರ್ಷಗಳ ಬರವಣಿಗೆ ಬೇಕು. ವಾರದಲ್ಲೇ "ಸೆಟ್ ಆಯಿತು" ಎನಿಸಿದರೆ ಒಗ್ಗಿದ್ದು ಪೆನ್ನಲ್ಲ, ನಿಮ್ಮ ಕೈ.

ಹಾಗಾದರೆ ಅಪಾಯ ಎಲ್ಲಿ? ಬಾಲ್ ಪೆನ್ನಿನ ಅಭ್ಯಾಸದಲ್ಲಿ. ಬಾಲ್ ಪೆನ್ನಿನ ಇಂಕು ಅಂಟಂಟು, ಗುಂಡು ಉರುಳಬೇಕಾದರೆ ಒತ್ತಲೇಬೇಕು. ಮೂರು ಪ್ರತಿ ಕಾರ್ಬನ್ ಹಾಳೆಯ ಮೇಲೆ ಒತ್ತಿ ಬರೆದು ಪಳಗಿದ ಕೈ ಅದೇ ಭಾರವನ್ನು ನಿಬ್ಬಿನ ಮೇಲೆ ಹಾಕಿದರೆ ಎರಡು ಕಾಲುಗಳು ಅಗಲಿಸಿಕೊಂಡು ಮತ್ತೆ ಕೂಡುವುದಿಲ್ಲ. ಇಂಕ್ ಪೆನ್ನಿಗೆ ಅದರ ಸ್ವಂತ ಭಾರವೇ ಸಾಕು. ಇಷ್ಟು ಹೇಳಿ ಪೆನ್ನು ಕೊಟ್ಟರೆ ಏನೂ ಆಗದು. ಮುಚ್ಚಳವನ್ನು ಮಾತ್ರ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ, ಪೆನ್ನು ತಾನಾಗಿ ವಾಪಸು ಬರುತ್ತದೆ.

"ಚಿನ್ನದ ನಿಬ್ಬಿನ ಸುಖವೇ ಬೇರೆ"

ಹವ್ಯಾಸಿಯ ಜೇಬಿಗೆ ಕತ್ತರಿ ಬೀಳುವುದು ಇಲ್ಲೇ. 14 ಕ್ಯಾರೆಟ್ ನಿಬ್ಬಿನಲ್ಲಿ ಶೇಕಡ 58.5ರಷ್ಟು ಚಿನ್ನ, 18 ಕ್ಯಾರೆಟಿನಲ್ಲಿ 75. ಆದರೆ ಆಗಲೇ ಹೇಳಿದಂತೆ, ಕಾಗದಕ್ಕೆ ತಾಗುವುದು ಚಿನ್ನವಲ್ಲ. ಚಿನ್ನ ಮೆತ್ತನೆ ಲೋಹ, ಅದೇ ಕಾಗದಕ್ಕೆ ಉಜ್ಜಿದರೆ ಬೇಗ ಸವೆದುಹೋಗುತ್ತದೆ. ತುದಿಯ ಚುಕ್ಕೆ ಉಕ್ಕಿನ ನಿಬ್ಬಿಗೂ ಇರುತ್ತದೆ, ಚಿನ್ನದ ನಿಬ್ಬಿಗೂ ಇರುತ್ತದೆ. ಬರಹ ನುಣ್ಣಗೆ ಬರುತ್ತದೋ ಕೊರೆಯುತ್ತದೋ ಎಂಬುದು ಆ ಚುಕ್ಕೆಯನ್ನು ಎಷ್ಟು ಚೆನ್ನಾಗಿ ಉಜ್ಜಿದ್ದಾರೆ, ಎರಡು ಕಾಲುಗಳು ಸಮನಾಗಿ ಕೂತಿವೆಯೇ ಎಂಬುದರ ಮೇಲೆ ನಿಂತಿದೆ. ಬಾಗುವ ಗುಣವೂ ಅಷ್ಟೆ: ನಿಬ್ಬಿನ ದಪ್ಪ, ಆಕಾರ ಅದನ್ನು ತೀರ್ಮಾನಿಸುತ್ತವೆ. ಮೊಳೆಯ ಹಾಗೆ ಬಾಗದ ಚಿನ್ನದ ನಿಬ್ಬುಗಳು ಬೇಕಾದಷ್ಟಿವೆ.

ಚಿನ್ನ ಬಳಕೆಗೆ ಬಂದದ್ದು ಶೋಕಿಗಲ್ಲ ಎಂಬುದನ್ನೂ ಹೇಳಬೇಕು. ಹಿಂದಿನ ಇಂಕುಗಳಲ್ಲಿ ಆಮ್ಲ ಇರುತ್ತಿತ್ತು, ಅದು ಉಕ್ಕನ್ನು ತಿಂದುಹಾಕುತ್ತಿತ್ತು, ಚಿನ್ನವನ್ನು ಮುಟ್ಟುತ್ತಿರಲಿಲ್ಲ. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ, ಇಂಕುಗಳು ಸೌಮ್ಯವಾದ ಮೇಲೆ ಆ ಅಗತ್ಯ ಹೆಚ್ಚುಕಡಿಮೆ ಮುಗಿಯಿತು. ನಿಬ್ಬಿನ ಮೇಲೆ "ಇರಿಡಿಯಂ ಪಾಯಿಂಟ್" ಎಂದು ಕೆತ್ತಿರುವುದನ್ನು ಕಂಡು ಅಪರೂಪದ ಲೋಹ ಸಿಕ್ಕಿತೆಂದು ಹಿಗ್ಗುವುದೂ ಬೇಡ. ಇಂದಿನ ಚುಕ್ಕೆಗಳಲ್ಲಿ ರುಥೇನಿಯಂ, ಆಸ್ಮಿಯಂ, ಟಂಗ್‌ಸ್ಟನ್ ಮುಂತಾದವುಗಳ ಮಿಶ್ರಣವೇ ಹೆಚ್ಚು. ಎಷ್ಟೋ ನಿಬ್ಬುಗಳಲ್ಲಿ ಇರಿಡಿಯಂ ಹೆಸರಿಗಷ್ಟೇ ಇದೆ. ಚಿನ್ನದ ನಿಬ್ಬು ಚೆಂದ ಎನಿಸಿದರೆ ಕೊಳ್ಳಿ, ಚೆಂದ ಎನಿಸುವುದೂ ಕೊಳ್ಳಲು ಕಾರಣವೇ. ಅಕ್ಷರ ಉತ್ತಮವಾಗುತ್ತದೆ ಎಂದು ಮಾತ್ರ ಹೆಂಡತಿಗೋ ಗಂಡನಿಗೋ ಲೆಕ್ಕ ಒಪ್ಪಿಸಬೇಡಿ.

ನಿಬ್ಬು ಮುರಿದರೆ ತೀರ್ಪು ಬದಲಾಗದೇ?

ಸಿನಿಮಾಗಳು ಗಟ್ಟಿ ಮಾಡಿದ ದೃಶ್ಯ: ನ್ಯಾಯಾಧೀಶರು ಮರಣದಂಡನೆಗೆ ಸಹಿ ಹಾಕುತ್ತಾರೆ, ನಿಬ್ಬನ್ನು ಮೇಜಿಗೆ ಒತ್ತಿ ಮುರಿಯುತ್ತಾರೆ. ಇದು ಕಾನೂನು, ಮುರಿದ ಮೇಲೆ ಶಿಕ್ಷೆಯನ್ನು ಯಾರೂ ಬದಲಿಸಲಾರರು ಎಂದೇ ಬಹಳ ಜನ ನಂಬಿದ್ದಾರೆ. ನಮ್ಮ ದೇಶದ ಕೆಲವು ನ್ಯಾಯಾಧೀಶರು ಹಾಗೆ ಮುರಿಯುವುದುಂಟು. ಅದು ಬ್ರಿಟಿಷರ ಕಾಲದಿಂದ ನಡೆದುಬಂದ ರೂಢಿ, ಯಾವ ಕಾನೂನಿನಲ್ಲೂ ಬರೆದದ್ದಲ್ಲ. ಜೀವ ತೆಗೆಯುವ ಮಾತು ಬರೆದ ಲೇಖನಿ ಇನ್ನೇನನ್ನೂ ಬರೆಯದಿರಲಿ ಎಂಬ ಭಾವ ಅದಕ್ಕಿದೆ ಎನ್ನುತ್ತಾರೆ.

ಸಹಿ ಹಾಕಿದ ತೀರ್ಪನ್ನು ಅದೇ ನ್ಯಾಯಾಲಯ ಬದಲಿಸುವಂತಿಲ್ಲ ಎಂಬುದೇನೋ ನಿಜ. ಬರಹದ, ಲೆಕ್ಕದ ತಪ್ಪು ತಿದ್ದಬಹುದು, ಅಷ್ಟೆ. ಆದರೆ ಆ ನಿಯಮ ಎಲ್ಲ ತೀರ್ಪಿಗೂ ಒಂದೇ, ಕಳ್ಳತನದ ಕೇಸಿಗೂ ಅನ್ವಯ, ನಿಬ್ಬು ಇಡಿಯಾಗಿದ್ದರೂ ಅನ್ವಯ. ಇನ್ನು ಸೆಷನ್ಸ್ ನ್ಯಾಯಾಲಯ ಕೊಟ್ಟ ಮರಣದಂಡನೆ ಹೈಕೋರ್ಟ್ ದೃಢಪಡಿಸುವವರೆಗೆ ಜಾರಿಯಾಗುವುದೇ ಇಲ್ಲ. ಆಮೇಲೆ ಸುಪ್ರೀಂ ಕೋರ್ಟ್ ಇದೆ. ಸಂವಿಧಾನದ 72 ಮತ್ತು 161ನೇ ವಿಧಿಗಳಲ್ಲಿ ರಾಷ್ಟ್ರಪತಿ, ರಾಜ್ಯಪಾಲರ ಕ್ಷಮಾದಾನದ ಅಧಿಕಾರ ಇದೆ. ಪೆನ್ನು ಮುರಿದ ಮೇಲೂ ಜೀವ ಉಳಿದ ಕೈದಿಗಳು ಅನೇಕರು.

ವಿಮಾ ಏಜೆಂಟನ ಕತೆ

ಇಂಕ್ ಪೆನ್ನು ಕಂಡುಹಿಡಿದವರು ಯಾರು ಎಂದರೆ ಕ್ವಿಜ್ ಪುಸ್ತಕಗಳು ಲೂಯಿಸ್ ವಾಟರ್‌ಮನ್ ಎನ್ನುತ್ತವೆ. ನ್ಯೂಯಾರ್ಕಿನ ಈ ವಿಮಾ ಏಜೆಂಟ್ ದೊಡ್ಡ ಪಾಲಿಸಿಗೆ ಸಹಿ ಹಾಕಿಸುವಾಗ ಪೆನ್ನು ಕಾಗದದ ಮೇಲೆ ಇಂಕು ಚೆಲ್ಲಿತಂತೆ, ಇನ್ನೊಂದು ಕಾಗದ ತರುವಷ್ಟರಲ್ಲಿ ಬೇರೆ ಏಜೆಂಟ್ ಗಿರಾಕಿಯನ್ನು ಹಾರಿಸಿಕೊಂಡು ಹೋದನಂತೆ, ಆ ಸಿಟ್ಟಿಗೆ ಪೆನ್ನು ಮಾಡಿದನಂತೆ. ಸೊಗಸಾದ ಕತೆ, ಆದರೆ ಕಂಪನಿ ಹಬ್ಬಿಸಿದ್ದು. ಅವನ ಕಾಲದ ದಾಖಲೆಗಳ ಆಧಾರ ಅದಕ್ಕಿಲ್ಲ. ವಾಟರ್‌ಮನ್ ಪೇಟೆಂಟ್ ಪಡೆದದ್ದು 1884ರಲ್ಲಿ. ಪ್ಯಾರಿಸಿನಲ್ಲಿ ಓದುತ್ತಿದ್ದ ರೊಮೇನಿಯದ ಪೆಟ್ರಾಕೆ ಪೊಯೆನಾರು ಒಳಗೇ ಇಂಕು ತುಂಬುವ ಲೇಖನಿಗೆ ಫ್ರಾನ್ಸ್‌ನಲ್ಲಿ ಪೇಟೆಂಟ್ ಪಡೆದದ್ದು 1827ರಲ್ಲೇ. ವಾಟರ್‌ಮನ್‌ನ ನಿಜವಾದ ಕೊಡುಗೆ ಫೀಡು. ಇಂಕು ಇಳಿದಷ್ಟೇ ಗಾಳಿ ಹತ್ತುವ ಕಾಲುವೆಯನ್ನು ಆತ ಸರಿಯಾಗಿ ಕೂರಿಸಿದ.

ಈ ಪೆನ್ನು ಪೂರ್ತಿ ವಿದೇಶಿ ವ್ಯಾಮೋಹ ಎನ್ನುವವರಿಗೂ ಒಂದು ಮಾತು. 1930ರ ದಶಕದಲ್ಲಿ ಸ್ವದೇಶಿ ಚಳವಳಿಯ ಹುರುಪಿಗೆ ಆಂಧ್ರದ ರಾಜಮಂಡ್ರಿಯಲ್ಲಿ ರತ್ನಂ ಪೆನ್ನು ಹುಟ್ಟಿತು, 1934ರಲ್ಲಿ ಬಂಗಾಳದಲ್ಲಿ ಸುಲೇಖಾ ಇಂಕು ಹುಟ್ಟಿತು. ಇಂದಿಗೂ ದಕ್ಷಿಣದಲ್ಲಿ ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕಡ್ಡಿಯನ್ನು ಲೇತಿಗೆ ಕೊಟ್ಟು ಕೈಯಲ್ಲೇ ಪೆನ್ನು ಕಡೆಯುವವರಿದ್ದಾರೆ.

ಇಂಕಿನ ಗೊಂದಲಗಳು

ಇಂಕು ಇಂಕೇ ತಾನೆ ಎಂದು ಡ್ರಾಯಿಂಗಿಗೆ ತಂದ ಇಂಡಿಯನ್ ಇಂಕನ್ನು ಪೆನ್ನಿಗೆ ಸುರಿದರೆ ಆ ಪೆನ್ನಿನ ಕತೆ ಮುಗಿದಂತೆ. ಅದರಲ್ಲಿ ಮಸಿಯ ಕಣಗಳೂ ಅರಗಿನಂಥ ಅಂಟೂ ಇರುತ್ತವೆ. ಫೀಡಿನ ಕೂದಲೆಳೆಯ ಕಾಲುವೆಯಲ್ಲಿ ಒಣಗಿದರೆ ನೀರಿಗೆ ಕರಗುವುದಿಲ್ಲ. ಬ್ಲೂ ಬ್ಲ್ಯಾಕ್ ಎಂದರೆ ನೀಲಿ, ಕಪ್ಪು ಬೆರೆಸಿದ್ದು ಎಂಬುದೂ ಪೂರ್ತಿ ನಿಜವಲ್ಲ. ಹಳೆಯ ಬ್ಲೂ ಬ್ಲ್ಯಾಕ್ ಕಬ್ಬಿಣದ ಲವಣದ ಇಂಕು, ಬರೆಯುವಾಗ ನೀಲಿ, ಗಾಳಿಗೆ ಒಡ್ಡಿಕೊಂಡು ಕ್ರಮೇಣ ಕಪ್ಪು, ನೀರು ಬಿದ್ದರೂ ಅಳಿಸದು. ಇಂದು ಆ ಹೆಸರಿನಲ್ಲಿ ಬರುವ ಹಲವು ಇಂಕುಗಳು ಬರೀ ಬಣ್ಣದ ನೀರು.

2025ರ ಆರಂಭದಲ್ಲಿ ಚೆಕ್ಕಿನ ಮೇಲೆ ಕಪ್ಪು ಇಂಕನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ ಎಂಬ ಸಂದೇಶ ಎಲ್ಲರ ಫೋನಿಗೂ ಬಂತು. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ ಅದು ಸುಳ್ಳೆಂದು ಆಗಲೇ ಹೇಳಿತು. ಇಂಥದೇ ಬಣ್ಣದಲ್ಲಿ ಬರೆಯಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿಲ್ಲ, ಚೆಕ್ಕಿನ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಬೇಕು, ಅಷ್ಟೆ. ಬಣ್ಣಕ್ಕಿಂತ ನೋಡಬೇಕಾದ್ದು ಬಾಟಲಿಯ ಮೇಲೆ "ವಾಷಬಲ್" ಎಂದಿದೆಯೇ ಎಂಬುದನ್ನು. ಮಕ್ಕಳ ಅಂಗಿಗೆ ಅದು ವರ, ಚೆಕ್ಕಿಗೆ ಅಪಾಯ.

ಇಂಕ್ ಪೆನ್ನಿನಿಂದ ಅಕ್ಷರ ದುಂಡಗಾಗುತ್ತದೆಯೇ? ಒತ್ತುವುದು ತಪ್ಪುವುದರಿಂದ ಕೈ ಸೋಲುವುದಿಲ್ಲ, ವೇಗ ಸ್ವಲ್ಪ ತಗ್ಗುತ್ತದೆ. ಅಷ್ಟು ಲಾಭ ಇದೆ, ಉಳಿದದ್ದು ಅಭ್ಯಾಸ. ಇಂಕು ಹಾಳೆಯ ಹಿಂಬದಿಗೆ ಇಳಿದರೆ ಪೆನ್ನನ್ನು ಬೈಯುವ ಮೊದಲು ನೋಟ್‌ಬುಕ್ ಬದಲಿಸಿ. ಕಾಗದ ತಯಾರಿಸುವಾಗ ಗಂಜಿಯಂಥ ಪದಾರ್ಥ ಕಡಿಮೆ ಹಾಕಿದ್ದರೆ ಅದು ಇಂಕನ್ನು ಕುಡಿಯುತ್ತದೆ. ಪರಿಸರಕ್ಕೆ ಒಳ್ಳೆಯದೆಂಬ ಮಾತು ಒಂದು ಪೆನ್ನು, ಒಂದು ಬಾಟಲಿ ಇಟ್ಟುಕೊಂಡವರ ಬಾಯಲ್ಲಿ ನಿಜ. ನಲವತ್ತು ಪೆನ್ನು ಕೂಡಿಟ್ಟವರು ಪ್ಲಾಸ್ಟಿಕ್ ಉಳಿಸಿದೆ ಎನ್ನುವುದನ್ನು ನಾನು ಮುಗುಳ್ನಕ್ಕು ಕೇಳಿಸಿಕೊಳ್ಳುತ್ತೇನೆ.

ಬೀರುವಿನಲ್ಲಿರುವ ಅಜ್ಜನ ಪೆನ್ನು

ಜೋಪಾನವಾಗಿ ಎತ್ತಿಟ್ಟರೆ ಪೆನ್ನು ಬಾಳುತ್ತದೆ ಎಂಬ ನಂಬಿಕೆ ಉಳಿದೆಲ್ಲ ತಪ್ಪುಗಳಿಗಿಂತ ಹೆಚ್ಚು ಪೆನ್ನುಗಳನ್ನು ಕೊಂದಿದೆ. ದಿನವೂ ಬರೆಯುವ ಪೆನ್ನಿನಲ್ಲಿ ಇಂಕು ಹರಿಯುತ್ತಲೇ ಇರುತ್ತದೆ. ಇಂಕು ಸಮೇತ ಎತ್ತಿಟ್ಟ ಪೆನ್ನಿನಲ್ಲಿ ನೀರು ಆರಿ ಬಣ್ಣ ಹರಳುಗಟ್ಟುತ್ತದೆ, ಒಳಗೆ ರಬ್ಬರ್ ಚೀಲ ಇದ್ದರೆ ಅದು ಸೆಟೆದು ಪುಡಿಯಾಗುತ್ತದೆ. ಆಗ ಮನೆಯಲ್ಲಿ ಯಾರಾದರೂ ಬಿಸಿನೀರು ಕಾಯಿಸುತ್ತಾರೆ, ಇನ್ನೊಬ್ಬರು ಸ್ಪಿರಿಟ್ ತರುತ್ತಾರೆ. ಎರಡೂ ಬೇಡ. ಹಳೆಯ ಎಬೊನೈಟ್ ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್, ಬಿಸಿನೀರಿಗೆ ಅದರ ಕಪ್ಪು ಹೋಗಿ ಕಂದು ಬರುತ್ತದೆ. ಸ್ಪಿರಿಟ್ಟಿಗೆ ಕೆಲವು ಪ್ಲಾಸ್ಟಿಕ್ಕುಗಳು ಬಿರಿಯುತ್ತವೆ.

ನಿಬ್ಬು, ಫೀಡು ಇರುವ ಕತ್ತಿನ ಭಾಗವನ್ನು ಮಾತ್ರ ಬಿಚ್ಚಿ, ತಣ್ಣೀರಿರುವ ಲೋಟದಲ್ಲಿ ನಿಬ್ಬು ಮುಳುಗುವಂತೆ ಇಡಿ. ನೀರು ನೀಲಿಯಾದಾಗಲೆಲ್ಲ ಚೆಲ್ಲಿ ಬದಲಿಸಿ. ಒಂದು ರಾತ್ರಿಗೆ ಬಿಡದಿದ್ದರೆ ಎರಡು ರಾತ್ರಿ. ತಿರುಗಿಸಲು ಬಿಗಿ ಎನಿಸಿದರೆ ಇಕ್ಕಳ ಹಾಕಬೇಡಿ, ಇನ್ನೊಂದು ದಿನ ನೆನೆಯಲಿ. ನೀರು ತಿಳಿಯಾದ ಮೇಲೆ ಹತ್ತಿಬಟ್ಟೆಯ ಮೇಲೆ ನಿಬ್ಬು ಕೆಳಗೆ ಮಾಡಿ ಒಣಗಿಸಿ, ಮೊದಲ ಸಲ ಸಾದಾ ವಾಷಬಲ್ ನೀಲಿ ಇಂಕನ್ನೇ ಹಾಕಿ. ಕಂಠಪೂರ್ತಿ.