ತೊಳೆದಂತೆ ತಾಳಿಕೆ

ಅಮೆರಿಕದ ಲಿವರ್‌ಮೋರ್‌ನಲ್ಲಿರುವ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 192 ಲೇಸರ್ ಕಿರಣಗಳು ಒಂದೇ ಪುಟ್ಟ ಗುರಿಯ ಮೇಲೆ ಬೀಳುತ್ತವೆ. 2022ರ ಡಿಸೆಂಬರ್ 5ರಂದು ಅವು ಗುರಿಗೆ ಮುಟ್ಟಿಸಿದ್ದು 2.05 ಮೆಗಾಜೂಲ್ ಶಕ್ತಿ. ಬೈಜಿಕ ಸಮ್ಮಿಲನದಿಂದ ಹೊಮ್ಮಿದ್ದು 3.15 ಮೆಗಾಜೂಲ್. ಅಂಥ ಕಿರಣವನ್ನು ದಾರಿಯುದ್ದಕ್ಕೂ ತಿರುಗಿಸುವ ಕನ್ನಡಿಗಳೂ ಕೂಡಿಸುವ ಮಸೂರಗಳೂ ಆ ಹೊಡೆತವನ್ನು ತಾಳಿಕೊಳ್ಳಬೇಕು. ಆ ತಾಳಿಕೆಯ ಗಣನೀಯ ಪಾಲು ನಿರ್ಧಾರವಾಗುವುದು ಗಾಜನ್ನು ತೊಳೆಯುವ ಕೋಣೆಯಲ್ಲಿ.

ಲೇಪದೊಳಗಿನ ಗಂಟು

ಲೇಸರ್ ಕನ್ನಡಿಗೆ ಮನೆಯ ಕನ್ನಡಿಯಂತೆ ಲೋಹದ ಹಿಂಬದಿ ಇರುವುದಿಲ್ಲ. ಗಾಜಿನ ಮೇಲೆ ಹ್ಯಾಫ್ನಿಯಂ ಆಕ್ಸೈಡ್ ಮತ್ತು ಸಿಲಿಕಾ ಪದರಗಳನ್ನು ನಿರ್ವಾತದಲ್ಲಿ ಒಂದರ ಮೇಲೊಂದರಂತೆ ಕೂರಿಸುತ್ತಾರೆ. 1053 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಬೆಳಕಿಗೆ ಒಂದೊಂದು ಪದರದ ದಪ್ಪ ಸುಮಾರು 130ರಿಂದ 180 ನ್ಯಾನೋಮೀಟರ್. ಅಂದರೆ, ಗಾಜಿನ ಮೇಲೆ ಉಳಿದ ಒಂದು ಮೈಕ್ರೋಮೀಟರ್ ಗಾತ್ರದ ಕಣ ಆರೇಳು ಪದರಗಳಷ್ಟು ಎತ್ತರ!

ಗೋಡೆಗೆ ಸುಣ್ಣ ಬಳಿಯುವಾಗ ಮರಳಿನ ಕಾಳೊಂದು ಸಿಕ್ಕಿಕೊಂಡರೆ, ಮೇಲೆ ಎಷ್ಟು ಸಲ ಬಳಿದರೂ ಉಬ್ಬು ಅಡಗದು. ಇಲ್ಲಿಯೂ ಹಾಗೆಯೇ. ಕಣದ ಮೇಲೆ ಕೂತ ಪ್ರತಿ ಪದರವೂ ಬಾಗಿ, ತುದಿಯಲ್ಲಿ ಗುಮ್ಮಟವುಳ್ಳ ಗಂಟಾಗಿ ಬೆಳೆಯುತ್ತದೆ. ಆ ಗುಮ್ಮಟವೇ ಕಿರುಮಸೂರದಂತೆ ಬೆಳಕನ್ನು ಗಂಟಿನೊಳಗೆ ಕೂಡಿಸುತ್ತದೆ. ಸುತ್ತಲಿನ ಲೇಪ ಸುಖವಾಗಿರುವಾಗಲೇ ಆ ಒಂದು ಜಾಗ ಕಾದು, ಸಿಡಿದು, ಗುಳಿ ಬೀಳುತ್ತದೆ.

ಲೇಪದ ಸಾಮರ್ಥ್ಯವನ್ನು ಚದರ ಸೆಂಟಿಮೀಟರಿಗೆ ಇಷ್ಟು ಜೂಲ್ ಎಂದು ಅಳೆಯುವುದು ರೂಢಿ. ಆದರೆ ಆ ಅಂಕಿಯನ್ನು ನಿಶ್ಚಯಿಸುವುದು ಅತ್ಯಂತ ದುರ್ಬಲ ಬಿಂದು. ಸಣ್ಣ ತುಣುಕಿನ ಮೇಲಿನ ಪರೀಕ್ಷೆಯಲ್ಲಿ ಗೆದ್ದ ಲೇಪ, 40 ಸೆಂಟಿಮೀಟರ್ ಅಗಲದ ಕನ್ನಡಿಯ ಮೇಲೆ ಒಂದೇ ಕಣದಿಂದ ಸೋಲಬಹುದು.

ತೊಳೆಯುವ ಬಗೆ

ಗಾಜನ್ನು ಪಾಲಿಶ್ ಮಾಡಲು ಬಳಸುವ ಸೀರಿಯಂ ಆಕ್ಸೈಡ್ ಪುಡಿಯ ಅಂಶ ಮೇಲ್ಮೈಯ ಸೂಕ್ಷ್ಮ ಬಿರುಕುಗಳಲ್ಲಿ ಸೇರಿಕೊಳ್ಳುತ್ತದೆ. ಅತಿನೇರಳೆ ಬೆಳಕನ್ನು ಅದು ಹೀರುತ್ತದೆ. ಲಿವರ್‌ಮೋರ್‌ನಲ್ಲಿ ಅವಕೆಂಪು ಬೆಳಕು ಗುರಿಗೆ ತಲಪುವ ಮುನ್ನ 351 ನ್ಯಾನೋಮೀಟರಿನ ಅತಿನೇರಳೆಯಾಗಿ ಬದಲಾಗುವುದರಿಂದ ಈ ಕಲ್ಮಶ ಅಲ್ಲಿ ದೊಡ್ಡ ಶತ್ರು. ಮಾರ್ಜಕದ ದ್ರಾವಣ, ಶ್ರವಣಾತೀತ ಕಂಪನ, ಲವಣ ತೆಗೆದ ಶುದ್ಧ ನೀರು ಇವೆಲ್ಲ ಮೇಲಿನ ಕೊಳೆಯನ್ನು ಬಿಡಿಸುತ್ತವೆ. ಬಿರುಕಿನೊಳಗಿನದನ್ನು ತೆಗೆಯಲು ಹೈಡ್ರೋಫ್ಲೋರಿಕ್ ಆಮ್ಲದಿಂದ ಸಿಲಿಕಾ ಗಾಜಿನ ಹೊರಪದರವನ್ನೇ ಕರಗಿಸುತ್ತಾರೆ.

ಆದರೆ ತೊಳೆತವೂ ತನ್ನ ಗುರುತು ಬಿಡಬಲ್ಲದು. ಆಮ್ಲದಲ್ಲಿ ಕರಗಿದ ಸಿಲಿಕಾ ಲವಣವಾಗಿ ಮತ್ತೆ ಗಾಜಿನ ಮೇಲೆಯೇ ಕೂತರೆ ಹೊಸ ಹಾನಿಗೆ ಅದೇ ಬೀಜ. ನಿಂತು ಆರಿದ ಹನಿಯಲ್ಲಿ ನೀರು ಹೋಗುತ್ತದೆ, ಕರಗಿದ್ದು ಉಳಿಯುತ್ತದೆ. ಹೀಗಾಗಿ ಕೊನೆಯ ಜಾಲಿಸುವಿಕೆ, ಒಣಗಿಸುವಿಕೆಗಳಿಗೂ ಮೊದಲ ತೊಳೆತದಷ್ಟೇ ಮಹತ್ವ.

ಲೇಪವಾದ ಮೇಲೆ ಕೈ ಇನ್ನೂ ಹಗುರವಾಗಬೇಕು. ಮೊದಲು ಒಣ ನೈಟ್ರೋಜನ್ ಊದಿ ದೂಳು ಹಾರಿಸುತ್ತಾರೆ. ದೂಳಿನ ಮೇಲೆ ಒರೆಸಿದರೆ ಗೀರು ಖಚಿತ. ಆಮೇಲೆ ಮಸೂರ ಒರೆಸುವ ತೆಳುಕಾಗದವನ್ನು ಅಸಿಟೋನ್ ಇಲ್ಲವೇ ಮೆಥನಾಲ್‌ನಲ್ಲಿ ತೇವಮಾಡಿ, ಒಂದೇ ದಿಕ್ಕಿಗೆ, ಒತ್ತದೆ ನಿಧಾನವಾಗಿ ಎಳೆಯುತ್ತಾರೆ. ಒಮ್ಮೆ ಎಳೆದ ಕಾಗದ ಮತ್ತೆ ಮೇಲ್ಮೈ ಮುಟ್ಟಕೂಡದು. ಆದರೆ ರಂಧ್ರಮಯ ಸಿಲಿಕಾದ ಪ್ರತಿಫಲನ ತಡೆಯುವ ಲೇಪಗಳು ಇಷ್ಟನ್ನೂ ಸಹಿಸವು. ಒರೆಸಿದರೆ ಎದ್ದುಬರುತ್ತವೆ, ಬಿಟ್ಟರೆ ಸುತ್ತಲಿನ ಎಣ್ಣೆಯ ಆವಿಯನ್ನು ಹೀರಿಕೊಂಡು ಗುಣಗೆಡುತ್ತವೆ. ಅವುಗಳಿಗೆ ಕೊಳೆ ತಾಗದಂತೆ ಕಾಯುವುದೇ ಶುಚಿ.

ಒಮ್ಮೆ ಹುಟ್ಟಿದ ಗುಳಿ ಸುಮ್ಮನಿರುವುದಿಲ್ಲ. ಹಲವೆಡೆ, ಮುಖ್ಯವಾಗಿ ಅತಿನೇರಳೆ ಬೆಳಕು ಹೊರಬೀಳುವ ಮೈಯಲ್ಲಿ, ಪ್ರತಿ ಹೊಡೆತಕ್ಕೂ ಹಿಗ್ಗುತ್ತದೆ. ಲಿವರ್‌ಮೋರ್‌ನಲ್ಲಿ ಅಂಥ ಗಾಜುಗಳನ್ನು ಕಳಚಿ, ಕಾರ್ಬನ್ ಡೈಆಕ್ಸೈಡ್ ಲೇಸರಿನಿಂದ ಗುಳಿಯನ್ನು ನಯಗೊಳಿಸಿ ಮರಳಿ ಬಳಸುತ್ತಾರೆ. ಈ ದುರಸ್ತಿ ದುಬಾರಿ, ಅದಕ್ಕೊಂದು ಮಿತಿಯೂ ಇದೆ. ಲೇಸರ್ ಎಷ್ಟು ಶಕ್ತಿ ಕೊಡಬಲ್ಲದು ಎಂಬುದು ಅದರ ಗಾಜುಗಳು ಎಷ್ಟನ್ನು ತಾಳಬಲ್ಲವು ಎಂಬುದಕ್ಕೆ ಕಟ್ಟುಬಿದ್ದಿದೆ. ಗಾಜು ತೊಳೆಯುವವರ ಕೆಲಸವನ್ನೂ ಲೇಸರ್ ವಿಜ್ಞಾನದ ಭಾಗವೆಂದೇ ಎಣಿಸಬೇಕು.