ಶಿಬಿರಕ್ಕೆ ಹೊರಟ ಗ್ಯಾಸ್ ಸಿಲಿಂಡರ್

ಡಿಸೆಂಬರ್ ಹತ್ತಿರ ಬಂತೆಂದರೆ ಶಾಲೆ ಕಾಲೇಜುಗಳಲ್ಲಿ ಪ್ರವಾಸ, ಚಾರಣ, ಶಿಬಿರಗಳ ಸಡಗರ ಶುರುವಾಗುತ್ತದೆ. ಹಿಂದೆ ಇಂಥ ಕಡೆಗಳಲ್ಲಿ ಮೂರು ಕಲ್ಲು ಹೂಡಿ, ಸೌದೆ ಒಟ್ಟಿ ಅಡುಗೆ ಮಾಡುವುದಿತ್ತು. ಈಗ ಆ ಜಾಗಕ್ಕೆ ಗ್ಯಾಸ್ ಬಂದಿದೆ. ಹೊಗೆಯಿಲ್ಲ, ಮರ ಕಡಿಯಬೇಕಿಲ್ಲ, ಒಳ್ಳೆಯದೇ ಆಯಿತು. ಆದರೆ ಪ್ರವಾಸಕ್ಕೆ ಮುಂಚಿನ ಪೋಷಕರ ಸಭೆಗಳಲ್ಲಿ ಬಸ್ಸಿನ ಬಾಡಿಗೆ, ಊಟದ ಪಟ್ಟಿ, ಸ್ವೆಟರು ಎಲ್ಲವನ್ನೂ ವಿಚಾರಿಸುವ ತಂದೆ ತಾಯಂದಿರು, ‘ಅಡುಗೆಗೆ ಯಾವ ಸಿಲಿಂಡರ್ ಒಯ್ಯುತ್ತೀರಿ? ಅದನ್ನು ಎಲ್ಲಿಡುತ್ತೀರಿ?’ ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಮನೆಯಲ್ಲಿ ದಿನವೂ ಬಳಸುವ ವಸ್ತುವಲ್ಲವೇ, ಅದರಲ್ಲಿ ಕೇಳುವುದೇನಿದೆ ಎನ್ನಬಹುದು. ಇರುವ ತೊಡಕೇ ಇದು. ಮನೆಯಲ್ಲಿ ಅಪಾಯ ತಡೆಯುವ ಅರ್ಧ ಕೆಲಸವನ್ನು ಅಡುಗೆಮನೆಯೇ ಮಾಡುತ್ತಿರುತ್ತದೆ. ಸಿಲಿಂಡರ್ ಸಮತಟ್ಟಾದ ನೆಲದ ಮೇಲೆ ನೆಟ್ಟಗೆ ನಿಂತಿರುತ್ತದೆ, ಒಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲಿರುತ್ತದೆ, ಪಕ್ಕದಲ್ಲಿ ಕಿಟಕಿಯೋ ಬಾಗಿಲೋ ತೆರೆದಿರುತ್ತದೆ. ಶಿಬಿರದಲ್ಲಿ ಇವು ಮೂರೂ ಇಲ್ಲ. ನೆಲ ಇಳಿಜಾರು, ಒಲೆ ನೆಲದ ಮೇಲೆ, ಸುತ್ತ ಡೇರೆಯ ಬಟ್ಟೆ. ಅಡುಗೆಮನೆ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ನಮ್ಮ ತಿಳಿವಳಿಕೆಯೇ ಮಾಡಬೇಕು.

ನೀರಿನಂತೆ ಹರಿಯುವ ಅನಿಲ

ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಅನಿಲಗಳ ಮಿಶ್ರಣ, ಒತ್ತಡದಿಂದ ದ್ರವವಾಗಿರುತ್ತದೆ. ಇದಕ್ಕೆ ಸ್ವಂತ ವಾಸನೆಯಿಲ್ಲ. ನಾವು ಗ್ಯಾಸ್ ವಾಸನೆ ಎನ್ನುವುದು ಸೋರಿಕೆ ತಿಳಿಯಲೆಂದು ಬೆರೆಸಿದ ಈಥೈಲ್ ಮರ್‌ಕ್ಯಾಪ್ಟನ್ನಿನದು. ವಿದ್ಯಾರ್ಥಿಗಳು ಮುಖ್ಯವಾಗಿ ನೆನಪಿಡಬೇಕಾದ್ದು ತೂಕ. ಗಾಳಿಯ ಸರಾಸರಿ ಅಣುಭಾರ 29, ಪ್ರೊಪೇನಿನದು 44, ಬ್ಯೂಟೇನಿನದು 58. ಆದ್ದರಿಂದ ಸೋರಿದ ಗ್ಯಾಸ್ ಹೊಗೆಯ ಹಾಗೆ ಮೇಲೇರುವುದಿಲ್ಲ, ಕೆಳಗಿಳಿದು ನೀರಿನಂತೆ ತಗ್ಗು ಹುಡುಕಿಕೊಂಡು ಹರಿಯುತ್ತದೆ.

ಇದನ್ನು ತರಗತಿಯಲ್ಲಿ ಗ್ಯಾಸ್ ಮುಟ್ಟದೆಯೇ ತೋರಿಸಬಹುದು. ಆಳವಾದ ಪಾತ್ರೆಯೊಂದರಲ್ಲಿ ಗಿಡ್ಡ, ಮಧ್ಯಮ, ಉದ್ದದ ಮೂರು ಮೇಣದ ಬತ್ತಿ ಹಚ್ಚಿಡಿ. ಜಗ್ಗೊಂದರಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿ. ನೊರೆ ಇಳಿದ ಮೇಲೆ ದ್ರವ ಚೆಲ್ಲದ ಹಾಗೆ ಜಗ್ಗನ್ನು ಪಾತ್ರೆಯ ಅಂಚಿಗೆ ನಿಧಾನವಾಗಿ ಬಗ್ಗಿಸಿ. ಕಣ್ಣಿಗೆ ಏನೂ ಕಾಣದು. ಆದರೆ ಗಿಡ್ಡ ಬತ್ತಿ ಮೊದಲು ಆರುತ್ತದೆ, ಆಮೇಲೆ ಮಧ್ಯದ್ದು, ಕೊನೆಗೆ ಉದ್ದದ್ದು. ಜಗ್ಗಿನಿಂದ ಸುರಿದದ್ದು ಇಂಗಾಲದ ಡೈಆಕ್ಸೈಡ್. ಅದರ ಅಣುಭಾರವೂ 44, ಪ್ರೊಪೇನಿನಷ್ಟೇ. ಅಂದರೆ ಪಾತ್ರೆ ತುಂಬಿದ ಆ ರೀತಿಯಲ್ಲೇ ಗ್ಯಾಸ್ ನಿಮ್ಮ ಡೇರೆಯ ತಳವನ್ನು ತುಂಬುತ್ತದೆ. ವ್ಯತ್ಯಾಸವಿಷ್ಟೇ, ಇದು ಬತ್ತಿ ಆರಿಸುತ್ತದೆ, ಅದು ಬತ್ತಿಯಿಂದ ಹೊತ್ತಿಕೊಳ್ಳುತ್ತದೆ. ಡೇರೆಯಲ್ಲಿ ಮಲಗಿದವರ ಮೂಗು ಬಾಯಿ ಇರುವುದೂ ನೆಲದ ಮಟ್ಟದಲ್ಲೇ.

ಎಷ್ಟು ಗ್ಯಾಸ್ ಸೋರಿದರೆ ಅಪಾಯ? ಗಾಳಿಯಲ್ಲಿ ಶೇಕಡಾ ಸುಮಾರು 2ರಿಂದ 9ರಷ್ಟು ಗ್ಯಾಸ್ ಬೆರೆತರೆ ಕಿಡಿ ಸಾಕು. ಚಾರಣಿಗರು ಒಯ್ಯುವ 230 ಗ್ರಾಮಿನ ಪುಟ್ಟ ಡಬ್ಬಿಯಲ್ಲಿರುವುದು ಅನಿಲವಾದರೆ ಸುಮಾರು 95 ಲೀಟರ್. ಅದರ ಐವತ್ತು ಪಟ್ಟು 4,750 ಲೀಟರ್. ನಾಲ್ವರು ಮಲಗುವ ಡೇರೆಯ ಒಳಗಾತ್ರ ಹೆಚ್ಚುಕಡಿಮೆ ಇಷ್ಟೇ. 5 ಕಿಲೋ ಸಿಲಿಂಡರಿಗೂ ಇದೇ ಲೆಕ್ಕ ಮಾಡಿ ನೋಡಿ: 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ತರಗತಿ ಕೊಠಡಿಯೊಂದನ್ನು ಹೊತ್ತಿಕೊಳ್ಳುವ ಮಿಶ್ರಣದಿಂದ ತುಂಬಲು ಅದೊಂದೇ ಸಾಕಾಗುತ್ತದೆ. ಹೀಗಾಗಿ ಸಿಲಿಂಡರನ್ನು ಡೇರೆಯೊಳಗೆ ಇಡಬಾರದು, ಹಳ್ಳ ಅಥವಾ ಚರಂಡಿಯ ಪಕ್ಕದಲ್ಲೂ ಇಡಬಾರದು. ಬಯಲಿನಲ್ಲಿ, ಗಾಳಿಯಾಡುವ ಕಡೆ, ಡೇರೆಗಳಿಂದ ದೂರದಲ್ಲಿ, ಸಾಧ್ಯವಾದರೆ ಅವುಗಳಿಗಿಂತ ತಗ್ಗಿನ ಮಗ್ಗುಲಲ್ಲಿ ಅಡುಗೆಯ ಜಾಗ ಗೊತ್ತುಮಾಡಿ. ಕಾಯ್ದಿಟ್ಟ ಅರಣ್ಯದೊಳಗೆ ಬೆಂಕಿ ಹಚ್ಚುವುದಕ್ಕೆ ನಿಷೇಧವಿದೆ ಎಂಬುದೂ ನೆನಪಿರಲಿ.

ಕೈಯಲ್ಲಿ ಹಿಡಿದು ನೋಡಬೇಕಾದವು

ಸಿಲಿಂಡರ್ ತಾನಾಗಿ ಒಡೆಯುವುದು ಬಹಳ ಅಪರೂಪ. ತೊಂದರೆ ಬರುವುದು ಹೆಚ್ಚಾಗಿ ಜೋಡಣೆಗಳಲ್ಲಿ: ಕವಾಟದೊಳಗಿನ ರಬ್ಬರ್ ವಾಷರ್, ರೆಗ್ಯುಲೇಟರ್, ಪೈಪು. ಪೈಪಿನ ಮೇಲೆ ಐಎಸ್ಐ ಮುದ್ರೆ ಇರಲಿ. ಒಳಗೆ ತಂತಿ ಹೆಣೆದ ಕಿತ್ತಳೆ ಬಣ್ಣದ ‘ಸುರಕ್ಷಾ’ ಪೈಪಿನ ಬಾಳಿಕೆಯನ್ನು ಐದು ವರ್ಷ ಎಂದು ಹೇಳುತ್ತಾರೆ. ಅದನ್ನು ಬಗ್ಗಿಸಿ ನೋಡಿ, ಬಿರುಕಿದ್ದರೆ ಎಸೆಯಿರಿ. ಉದ್ದ ಸಾಲದೆಂದು ಎರಡು ತುಂಡು ಸೇರಿಸಿ ತಂತಿ ಸುತ್ತುವುದನ್ನು ಶಿಬಿರಗಳಲ್ಲಿ ಕಂಡಿದ್ದೇನೆ; ಅದನ್ನು ಯಾರೇ ಮಾಡಿದ್ದರೂ ಅಲ್ಲಿಯೇ ನಿಲ್ಲಿಸಿ. ರೆಗ್ಯುಲೇಟರ್ ಆ ಸಿಲಿಂಡರಿಗೆ ಹೊಂದುವಂಥದ್ದೇ ಆಗಿರಬೇಕು. ಎಲ್ಲ ಜೋಡಿಸಿ ಒಲೆ ಹಚ್ಚುವ ಮುನ್ನ ಗ್ಯಾಸ್ ತೆರೆದು ಪ್ರತಿ ಕೀಲಿಗೂ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ಸೋರಿಕೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಧೀರರು ಈಗಲೂ ಇದ್ದಾರೆ, ಅವರಿಂದ ದೂರವಿರಿ.

ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಒಳಬದಿಯಲ್ಲಿ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಇಂಗ್ಲಿಷಿನ ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಬಿ-29 ಎಂದಿದ್ದರೆ 2029ರ ಜೂನ್ ಒಳಗೆ ಅದನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕು. ಆ ಅವಧಿ ದಾಟಿದ್ದನ್ನು ಒಯ್ಯಬೇಡಿ. ಮಕ್ಕಳಿಗೆ ಇದನ್ನು ಒಮ್ಮೆ ಹೇಳಿಕೊಟ್ಟರೆ ಮನೆಯ ಸಿಲಿಂಡರನ್ನೂ ಅವರೇ ಓದುತ್ತಾರೆ.

ಪೇಟೆ ಬೀದಿಗಳಲ್ಲಿ ಸಿಗುವ, ತಲೆಯ ಮೇಲೇ ಬರ್ನರ್ ಕೂರಿಸಿದ, ಹೆಸರು ಗುರುತಿಲ್ಲದ ಪುಟಾಣಿ ಸಿಲಿಂಡರುಗಳ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಅವು ಮಕ್ಕಳಿರುವ ಕಡೆಗೆ ಬರಲೇಬಾರದು. ಮನೆಬಳಕೆಯ ಸಿಲಿಂಡರಿನಿಂದ ಪೈಪು ಹಾಕಿ ಅವುಗಳಿಗೆ ಗ್ಯಾಸ್ ತುಂಬುತ್ತಾರೆ. ಇದು ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತು, ವಿಜ್ಞಾನಕ್ಕೂ ವಿರುದ್ಧ ಎಂಬುದು ಇನ್ನೊಂದು. ಕಂಪನಿಯವರು ತುಂಬುವಾಗ ಸಿಲಿಂಡರಿನಲ್ಲಿ ದ್ರವ ಹಿಗ್ಗಲು ಜಾಗ ಬಿಟ್ಟಿರುತ್ತಾರೆ. ಬೀದಿಯಲ್ಲಿ ತುಂಬುವವನಿಗೆ ಆ ಅಳತೆ ಎಲ್ಲಿಂದ ಬರಬೇಕು? ಬಾಯಿಯವರೆಗೆ ದ್ರವ ತುಂಬಿದ ಪಾತ್ರೆ ಬಿಸಿಲಿಗೆ ಕಾದರೆ ಒತ್ತಡ ವಿಪರೀತ ಏರುತ್ತದೆ. ತೈಲ ಕಂಪನಿಗಳೇ 5 ಕಿಲೋ ಸಿಲಿಂಡರ್ ಮಾರುತ್ತವೆ. ಇಂಡಿಯನ್ ಆಯಿಲ್ ತನ್ನದನ್ನು ‘ಛೋಟು’ ಎಂದು ಕರೆಯುತ್ತದೆ. ಗುರುತಿನ ಚೀಟಿ ತೋರಿಸಿದರೆ ಅವು ಸಿಗುವಾಗ ಕಳ್ಳಮಾಲಿನ ಹಂಗೇಕೆ?

ಒಲೆ ಮಂದವಾದಾಗ

ಎಪ್ಪತ್ತು ಎಂಬತ್ತು ಮಂದಿಗೆ ದೊಡ್ಡ ಒಲೆಯಲ್ಲಿ ಅನ್ನ ಬೇಯುತ್ತಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸಿಲಿಂಡರಿನ ಮೈ ಬೆವರುತ್ತದೆ, ಕೆಲವೊಮ್ಮೆ ಹಿಮವೂ ಕಟ್ಟುತ್ತದೆ, ಉರಿ ಕುಗ್ಗುತ್ತದೆ. ಅಡುಗೆಯವರು ಆಗ ಮಾಡುವುದು ಎರಡು ಕೆಲಸ: ಸಿಲಿಂಡರಿನ ಮೇಲೆ ಕುದಿನೀರು ಸುರಿಯುವುದು, ಇಲ್ಲವೆ ಅದನ್ನು ಅಡ್ಡ ಮಲಗಿಸುವುದು. ಎರಡೂ ಅಪಾಯವೇ.

ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಕಾರಣವೇ ಇಲ್ಲಿಯೂ ಇದೆ. ದ್ರವ ಆವಿಯಾಗಲು ಗುಪ್ತೋಷ್ಣ ಬೇಕು. ಅದನ್ನು ದ್ರವ ತನ್ನಿಂದಲೇ, ಸಿಲಿಂಡರಿನ ಗೋಡೆಯಿಂದಲೇ ತೆಗೆದುಕೊಳ್ಳುತ್ತದೆ. ತಣ್ಣಗಾದಷ್ಟೂ ಒತ್ತಡ ಇಳಿಯುತ್ತದೆ. ಮಲಗಿಸಿದರೆ ಅನಿಲದ ಬದಲು ದ್ರವವೇ ಹೊರನುಗ್ಗಿ, ಅಲ್ಲೇ ಸುಮಾರು 250 ಪಟ್ಟು ಹಿಗ್ಗಿ ಒಲೆಯಲ್ಲಿ ಜ್ವಾಲೆ ಆಳೆತ್ತರ ಏಳುತ್ತದೆ. ಇದಕ್ಕೆ ಪರಿಹಾರ ಸುಲಭ: ಉರಿ ತಗ್ಗಿಸಿ, ಇಲ್ಲವೆ ಇನ್ನೊಂದು ಸಿಲಿಂಡರ್ ಬಳಸಿ. ಅನ್ನ ಅರ್ಧ ಗಂಟೆ ತಡವಾದರೆ ಯಾರೂ ಉಪವಾಸ ಬೀಳುವುದಿಲ್ಲ.

ಹಿಮಾಲಯದ ಚಾರಣಕ್ಕೆ ಹೋಗುವ ಯುವಕರಿಗೆ ಇದರ ಇನ್ನೊಂದು ಮುಖ ಎದುರಾಗುತ್ತದೆ. ಬ್ಯೂಟೇನಿನ ಕುದಿಬಿಂದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ, ಪ್ರೊಪೇನಿನದು ಸೊನ್ನೆಗಿಂತ 42 ಡಿಗ್ರಿ ಕೆಳಗೆ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಬರೀ ಬ್ಯೂಟೇನಿನ ಡಬ್ಬಿ ಸುಮ್ಮನೆ ಕೂರುತ್ತದೆ. ಅದನ್ನು ಬೆಂಕಿಯ ಹತ್ತಿರ ಹಿಡಿದು ಎಬ್ಬಿಸಲು ಹೋಗಬೇಡಿ. ಪ್ರೊಪೇನ್ ಬೆರೆತ ಡಬ್ಬಿಯನ್ನೇ ಕೊಳ್ಳಿ. ಡಬ್ಬಿಯ ಮೇಲೆ ಕೂರುವ ಒಲೆಗೆ ಗಾಳಿ ಬೀಸದಂತೆ ಸುತ್ತಲೂ ತಗಡು ಕಟ್ಟುವುದು, ಅಗಲವಾದ ದೊಡ್ಡ ಪಾತ್ರೆ ಇಡುವುದು ಕೂಡ ಶಾಖವನ್ನು ಡಬ್ಬಿಯತ್ತ ತಿರುಗಿಸುತ್ತವೆ.

ಚಳಿಯೆಂದು ಡೇರೆಯೊಳಗೆ ಒಲೆ ಹಚ್ಚಿಕೊಂಡು ಮಲಗುವುದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ಲೀಟರ್ ಪ್ರೊಪೇನ್ ಪೂರ್ತಿ ಉರಿಯಲು ಐದು ಲೀಟರ್ ಆಮ್ಲಜನಕ, ಅಂದರೆ ಸುಮಾರು 24 ಲೀಟರ್ ಗಾಳಿ ಬೇಕು. ಅದು ಸಾಲದಾದಾಗ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತೂಕಡಿಕೆ. ಮಲಗಿದವರಿಗೆ ಇಷ್ಟೂ ತಿಳಿಯದು. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಗ್ಯಾಸ್ ಹೀಟರ್ ಇಟ್ಟುಕೊಂಡು ಕೋಣೆ ಮುಚ್ಚಿ ಮಲಗಿದ್ದ ಕೇರಳದ ಎಂಟು ಪ್ರವಾಸಿಗರು ತೀರಿಕೊಂಡರು. ಅವರಲ್ಲಿ ನಾಲ್ವರು ಮಕ್ಕಳು. ಚಳಿಗೆ ಇನ್ನೊಂದು ಕಂಬಳಿ ಒಯ್ಯಿರಿ.

ಒಯ್ಯುವಾಗ, ಹೊತ್ತಿಕೊಂಡಾಗ

2023ರ ಆಗಸ್ಟ್ 26ರ ಬೆಳಗಿನ ಜಾವ ಮಧುರೆ ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿ ರೈಲು ಬೋಗಿಯೊಂದು ಹೊತ್ತಿಕೊಂಡು, ಉತ್ತರ ಪ್ರದೇಶದಿಂದ ಬಂದಿದ್ದ ಒಂಬತ್ತು ಮಂದಿ ಯಾತ್ರಿಕರು ಸತ್ತರು. ಬೋಗಿಯೊಳಗೆ ಕದ್ದು ತಂದಿದ್ದ ಸಿಲಿಂಡರಿನಲ್ಲಿ ಚಹಾ ಕಾಯಿಸಲು ಹೋದದ್ದು ಇದಕ್ಕೆ ಕಾರಣ ಎಂದು ರೈಲ್ವೆ ಹೇಳಿತು. ರೈಲಿನಲ್ಲಿ ಸಿಲಿಂಡರ್ ಒಯ್ಯುವುದು ಅಪರಾಧ. ವಿಮಾನದಲ್ಲಿ ಪುಟ್ಟ ಡಬ್ಬಿಗೂ ಅವಕಾಶವಿಲ್ಲ. ಬಸ್ಸಿನಲ್ಲಿ ಸೀಟಿನ ಕೆಳಗೆ, ಸಾಮಾನಿನ ಡಿಕ್ಕಿಯಲ್ಲಿ ಅದನ್ನು ತುರುಕುವ ಅಭ್ಯಾಸ ನಮ್ಮಲ್ಲಿದೆಯಲ್ಲ, ಪೋಷಕರು ತಡೆಯಬೇಕಾದ್ದು ಅದನ್ನೇ. ಮಕ್ಕಳಿಲ್ಲದ ಬೇರೆ ತೆರೆದ ವಾಹನದಲ್ಲಿ, ರೆಗ್ಯುಲೇಟರ್ ಕಳಚಿ, ದಾರಕ್ಕೆ ಕಟ್ಟಿರುವ ಪ್ಲಾಸ್ಟಿಕ್ ಟೋಪಿಯನ್ನು ಕವಾಟಕ್ಕೆ ಒತ್ತಿ, ನೆಟ್ಟಗೆ ನಿಲ್ಲಿಸಿ ಕಟ್ಟಿ ಒಯ್ಯಬೇಕು. ಶಿಬಿರಕ್ಕೆ ಸಮೀಪದ ಊರಿನಲ್ಲೇ ಪಡೆಯಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಎಲ್ಲರನ್ನೂ ಗಾಳಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ಕರೆದೊಯ್ಯಿರಿ. ಹತ್ತಿರದಲ್ಲಿ ಟಾರ್ಚಿನ ಗುಂಡಿ ಒತ್ತುವುದು, ವಾಹನ ಚಾಲೂ ಮಾಡುವುದು ಬೇಡ. ಸೋರಿಕೆಗೆ ದೇಶಕ್ಕೆಲ್ಲ ಒಂದೇ ಸಹಾಯವಾಣಿ 1906. ದೂರ ಹೋಗಿ ಫೋನ್ ಮಾಡಿ. ಪೈಪಿಗೆ ಬೆಂಕಿ ತಗುಲಿ, ಹತ್ತಿರ ಹೋಗುವಂತಿದ್ದರೆ ದೊಡ್ಡವರೊಬ್ಬರು ಒದ್ದೆ ಗೋಣಿ ಹಿಡಿದು ಮೊದಲು ಗ್ಯಾಸ್ ನಿಲ್ಲಿಸಬೇಕು. ಗ್ಯಾಸ್ ನಿಲ್ಲಿಸದೆ ಜ್ವಾಲೆ ಮಾತ್ರ ಆರಿಸಿದರೆ ಸೋರಿದ್ದು ತಗ್ಗಿನಲ್ಲಿ ಸೇರಿಕೊಂಡು ಇನ್ನೊಂದು ಕಿಡಿಗೆ ಕಾಯುತ್ತದೆ. ಹತ್ತಿರ ಹೋಗಲಾಗದಿದ್ದರೆ ಎಲ್ಲರೂ ದೂರ ಸರಿದು 101 ಅಥವಾ 112ಕ್ಕೆ ಕರೆ ಮಾಡುವುದೇ ಸರಿ. ಇವನ್ನೆಲ್ಲ ಯಾರು ಮಾಡಬೇಕೆಂದು ಹೊರಡುವ ಮುನ್ನವೇ ಹೆಸರು ಹೇಳಿ ಗೊತ್ತುಮಾಡಿರಬೇಕು, ಬೆಂಕಿ ಬಿದ್ದ ಮೇಲೆ ಸಭೆ ಸೇರಿಸಲಾಗದು.

ಖಾಲಿಯಾಯಿತೆಂದ ಸಿಲಿಂಡರಿನಲ್ಲೂ ಸ್ವಲ್ಪ ಗ್ಯಾಸ್ ಉಳಿದೇ ಇರುತ್ತದೆ. ಅದಕ್ಕೂ ಟೋಪಿ ಹಾಕಿ. ಚಾರಣದ ಡಬ್ಬಿಗಳನ್ನು ಕ್ಯಾಂಪ್‌ಫೈರ್‌ಗೆ ಎಸೆಯದೆ, ಪೊದೆಗೂ ಎಸೆಯದೆ, ಬೆಟ್ಟದ ಕೆಳಗೆ ಹೊತ್ತು ತನ್ನಿ.