ಹಿಂದಿನ ಕೆಂಪು ದೀಪ

ಗುಂಡ್ಲುಪೇಟೆಯಿಂದ ನಮ್ಮ ಮದ್ದೂರಿನ ಮೇಲೆ ಸುಲ್ತಾನ್ ಬತ್ತೇರಿಗೆ ಹೋಗೋದು ಕಾಡಿನ ದಾರಿ. ಜಿಂಕೆ ಅಡ್ಡ ಬರುತ್ತದೆ. ಆನೆ ಬರುತ್ತದೆ. ನಾವು ತಟ್ಟನೆ ಬ್ರೇಕ್ ಹಾಕುತ್ತೇವೆ. ಅದು ಹಿಂದೆ ಬರುವವನಿಗೆ ಹೇಗೆ ಗೊತ್ತಾಗಬೇಕು? ಕೆಂಪು ದೀಪ ಹತ್ತಿದರೆ ತಾನೇ!

ಈ ದೀಪಕ್ಕೆ ಬ್ರೇಕಿನ ಹತ್ತಿರ ಒಂದು ಸಣ್ಣ ಸ್ವಿಚ್ಚು ಇದೆ. ಅದು ಕೆಟ್ಟರೆ ದೀಪ ಹತ್ತುವುದಿಲ್ಲ. ಬ್ರೇಕು ಮಾತ್ರ ಸರಿಯಾಗಿಯೇ ಹಿಡಿಯುತ್ತದೆ. ಹಾಗಾಗಿ ಓಡಿಸುವವರಿಗೆ ಏನೂ ತಿಳಿಯುವುದಿಲ್ಲ.

ಕೆಲವು ಸಲ ದೋಷ ಕಾರ್ಖಾನೆಯಿಂದಲೇ ಬಂದಿರುತ್ತದೆ. 2023ರ ಡಿಸೆಂಬರಿನಲ್ಲಿ ಹೋಂಡಾ ಕಂಪನಿ ತನ್ನ ಸಿಬಿ350 ಬೈಕುಗಳಲ್ಲಿ ಕೆಲವನ್ನು ವಾಪಸು ಕರೆಯಿತು. ಹಿಂದಿನ ಬ್ರೇಕ್ ದೀಪದ ಸ್ವಿಚ್ಚಿಗೆ ತುಕ್ಕು ಹಿಡಿಯುವ ಭಯವಿತ್ತು. ಇದಕ್ಕೆ ‘ರೀಕಾಲ್’ ಅನ್ನುತ್ತಾರೆ. ಗಾಡಿ ಕಿತ್ತುಕೊಳ್ಳೋಕಲ್ಲ, ರಿಪೇರಿ ಮಾಡಿಕೊಡೋಕೆ ಕರೆಯುವುದು. ವಾರಂಟಿ ಮುಗಿದಿದ್ದರೂ ದುಡ್ಡಿಲ್ಲದೆ ಸ್ವಿಚ್ಚು ಬದಲಾಯಿಸುವುದಾಗಿ ಕಂಪನಿ ಹೇಳಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಾಯಿತು. ದೋಷದ ಗಾಡಿ ವಾಪಸು ಕರೆಯಿರಿ ಎಂದು ಈಗ ಸರ್ಕಾರವೇ ಕಂಪನಿಗೆ ಆಜ್ಞೆ ಮಾಡಬಹುದು.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಿದ್ದೀರಾ? ಕಂಪನಿಯ ಸುದ್ದಿ ಹಳೇ ಮಾಲೀಕರಿಗೆ ಹೋಗಿರಬಹುದು. ಆರ್.ಸಿ.ಯಲ್ಲಿ ಚಾಸಿ ನಂಬರು ಇರುತ್ತದೆ. ಓದಲು ಕಲಿತಿದ್ದೀರಲ್ಲ, ನೀವೇ ಓದಿ ಬರೆದುಕೊಳ್ಳಿ. ಶೋರೂಮಿನಲ್ಲಿ ತೋರಿಸಿ ಕೇಳಿ.

ದೀಪ ನೋಡಲು ಇಬ್ಬರು ಬೇಕು. ಒಬ್ಬರು ಬ್ರೇಕ್ ಒತ್ತಲಿ, ಇನ್ನೊಬ್ಬರು ಹಿಂದೆ ನಿಂತು ನೋಡಲಿ. ಬೈಕಾದರೆ ಕೈ ಬ್ರೇಕು, ಕಾಲು ಬ್ರೇಕು ಎರಡನ್ನೂ ಬೇರೆ ಬೇರೆಯಾಗಿ ಒತ್ತಬೇಕು.